ನಾಲ್ಕೂರಿಗೆ ಒಬ್ಬಳೇ ಮತ್ತಿನ ಡಾಕ್ಟ್ರು

ಜನರನ್ನು ಮಲಗಿಸುವುದು ನನ್ನ ಕಸುಬು. ಇಷ್ಟು ವರ್ಷದಲ್ಲಿ ಅದನ್ನು ಚೆನ್ನಾಗಿಯೇ ಕಲಿತಿದ್ದೇನೆ. ಆದರೆ ಮಲಗುವುದಕ್ಕೆ ಮುಂಚೆ ಅವರು ಮಾಡುವ ಅವಾಂತರಗಳಿಗೆ ಮಾತ್ರ ಇವತ್ತಿಗೂ ನನ್ನ ಹತ್ತಿರ ಮದ್ದಿಲ್ಲ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಆಸ್ಪತ್ರೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ನಾನು ಅರಿವಳಿಕೆ ತಜ್ಞೆ. ಈ ಹೆಸರನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. ಎಲ್ಲರ ಬಾಯಲ್ಲೂ ನಾನು ಮತ್ತಿನ ಡಾಕ್ಟ್ರಮ್ಮ. ಹೊಟ್ಟೆ ಕೊಯ್ಯುವವರು ದೊಡ್ಡ ಡಾಕ್ಟ್ರು, ಅವರು ಕೈ ತೊಳೆದು ಬರುವಷ್ಟರಲ್ಲಿ ಸೂಜಿ ಚುಚ್ಚಿ ಪಕ್ಕಕ್ಕೆ ಸರಿಯುವವಳು ನಾನು. ಒಮ್ಮೆ ಪೇಷಂಟಿನ ಕಡೆಯವರೊಬ್ಬರು ಸರ್ಜನ್ನರಿಗೆ ಹಾರ ಹಾಕಿ, ಕಾಲಿಗೆ ಬಿದ್ದು ಎದ್ದು, ನನ್ನ ಕಡೆ ತಿರುಗಿ, "ನೀವಿನ್ನೂ ಓದ್ತಾ ಇದ್ದೀರೇನಮ್ಮ?" ಎಂದು ಕೇಳಿದರು. ಆಗಲೇ ನನ್ನ ತಲೆ ಅರ್ಧ ಬೆಳ್ಳಗಾಗಿತ್ತು.

ನನ್ನ ಮನೆ ಇರುವುದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಆದರೆ ನಾನು ಹೆಚ್ಚಾಗಿ ವಾಸ ಮಾಡುವುದು ನನ್ನ ಸಣ್ಣ ಕಾರಿನಲ್ಲಿ. ಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಊರಿನ ಸಣ್ಣ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಸರ್ಜನ್ನರು ಬೇರೆ ಬೇರೆ. ಮತ್ತು ಕೊಡುವವಳು ಮಾತ್ರ ನಾನೊಬ್ಬಳೇ. ಯಾರು ಕರೆದರೆ ಅಲ್ಲಿಗೆ ಹೋಗುತ್ತೇನೆ. ಈ ಏರ್ಪಾಡು ನಮಗೆಲ್ಲ ಗೊತ್ತು, ಪೇಷಂಟುಗಳಿಗೆ ಗೊತ್ತಿಲ್ಲ. ನಾನು ಹೇಳಹೊರಟ ರಗಳೆಯೆಲ್ಲ ಶುರುವಾದದ್ದು ಇದರಿಂದಲೇ.

ಕೇಳಿದ್ದು ಹೊಕ್ಕುಳದ್ದು

ಆವತ್ತು ಕೆ.ಆರ್. ಪೇಟೆಯಲ್ಲಿದ್ದೆ. ಹೇಮಗಿರಿ ಕಡೆಯ ಹಳ್ಳಿಯೊಂದರಿಂದ ಒಬ್ಬ ಗಟ್ಟಿಗಿತ್ತಿ ಬಂದಿದ್ದರು. ಮನೆಯಲ್ಲಿ ಐದಾರು ಹಸು, ಎರಡು ಹೊತ್ತೂ ಡೈರಿಗೆ ಹಾಲು. ನಾನು ಅವರನ್ನು ಹಾಲಿನಮ್ಮ ಎಂದೇ ಕರೆಯುತ್ತೇನೆ. ಹೊಕ್ಕುಳದ ಪಕ್ಕ ನಿಂಬೆಹಣ್ಣಿನಷ್ಟು ಹರ್ನಿಯಾ. ತುರ್ತಿನದೇನಲ್ಲ. ಆದರೆ ಹಾಲಿನಮ್ಮನಿಗೆ ತುರ್ತಿತ್ತು.

"ಮಗ್ಳು ಬಸ್ರಿ ಕಣ್ ಡಾಕ್ಟ್ರಮ್ಮ, ಚೊಚ್ಚಲು. ನಾಗಮಂಗ್ಲದ ಕಡೆ ಕೊಟ್ಟಿದ್ದೀವಿ. ಏಳು ತುಂಬ್ತಿದ್ದಂಗೆ ಕರ್ಕೊಂಡ್ ಬರ್ಬೇಕು. ಬಾಣ್ತಿಗೆ ಅಂಡೆ ತುಂಬಬೇಕು, ನೀರು ಉಯ್ಯಬೇಕು, ಮಗಾ ಎತ್ತಬೇಕು. ಈ ಗುಳ್ಳೆ ಇಟ್ಕೊಂಡು ಬಿಂದ್ಗೆ ಎತ್ತಕ್ಕಾಯ್ತದಾ? ಇವತ್ತೇ ಒಲ್ದು ಕಳಿಸ್ಬುಡಿ."

ನಾನು ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಬಿಳಿ ಇರಬೇಕಾದ ಜಾಗವೆಲ್ಲ ಹಳದಿ. ಅರಿಸಿನ ಕಾಮಾಲೆ.

"ಊಟ ಸೇರುತ್ತಾ?"

"ಉಹೂಂ. ಒಗ್ಗರಣೆ ವಾಸ್ನೆ ಬಂದ್ರೆ ವಾಕರಿಕೆ ಬತ್ತದೆ."

"ಉಚ್ಚೆ ಯಾವ ಬಣ್ಣ?"

"ಸಾರಿನ ಕಟ್ಟಿದ್ದಂಗೆ ಅದೆ."

"ಇದನ್ನೆಲ್ಲ ಸರ್ಜನ್ನರಿಗೆ ಹೇಳಿದಿರಾ?"

"ಅವ್ರು ಒಕ್ಕುಳ ಕೇಳುದ್ರು, ಯೋಳ್ದೆ. ಉಚ್ಚೆ ಕೇಳ್ನಿಲ್ವಲ್ಲ!"

ಇದು ಲಿವರಿಗೆ ಬಂದಿರುವ ವೈರಸ್ ಕಾಯಿಲೆ ಇರಬೇಕು, ವಾಸಿಯಾಗುವವರೆಗೂ ಆಪರೇಷನ್ ಬೇಡ ಎಂದೆ. ನಾನು ಕೊಡುವ ಮದ್ದು ಸೇರಿದಂತೆ ಮೈಗೆ ಹೋಗುವ ಹತ್ತಾರು ಮದ್ದುಗಳನ್ನು ಕರಗಿಸಿ ಹೊರಗೆ ಹಾಕುವುದು ಲಿವರ್ರು. ಕೊಯ್ದ ಕಡೆ ರಕ್ತ ನಿಲ್ಲಬೇಕಾದರೆ ಅದಕ್ಕೆ ಬೇಕಾದ ಸಾಮಾನು ತಯಾರು ಮಾಡುವುದೂ ಅದೇ. ಹಾಸಿಗೆ ಹಿಡಿದವರ ತಲೆಯ ಮೇಲೆ ಮೂಟೆ ಹೊರಿಸಬಾರದು, ಅಲ್ಲವೇ? ಹೊರಿಸಿದರೆ ಲಿವರ್ ಕೈಚೆಲ್ಲಿ ಕೂತುಬಿಡಬಹುದು, ಜೀವಕ್ಕೇ ಅಪಾಯ ಎಂದು ಬಿಡಿಸಿ ಹೇಳಿದೆ.

"ಅಂಗಾದ್ರೆ ಪೂರ್ತಿ ಮತ್ತು ಬ್ಯಾಡ. ಸೊಂಟಕ್ಕೆ ಕೊಟ್ಬುಡಿ."

"ಅಲ್ಲಿ ಒಳಗೆ ರಕ್ತ ಸೋರಿ ನಿಲ್ಲದೇ ಹೋದರೆ ಕಾಲು ಸ್ವಾಧೀನ ತಪ್ಪುತ್ತೆ."

"ಅದೂ ಬ್ಯಾಡ. ಅಂಗೇ ಒಲೀರಿ. ಅಲ್ಲು ಕಚ್ಕೊಂಡಿರ್ತೀನಿ."

ಯಾವ ವೈರಸ್ ಎಂದು ತಿಳಿಯಲು ರಕ್ತ ತೆಗೆಸಿ ಮೈಸೂರಿಗೆ ಕಳಿಸಿದೆ. ಸರ್ಜನ್ನರೂ ನನ್ನ ಮಾತಿಗೆ ತಲೆಯಾಡಿಸಿದರು. ಹಾಲಿನಮ್ಮ ಸೆರಗು ಕೊಡವಿಕೊಂಡು ಎದ್ದು, ಬಾಗಿಲ ಹತ್ತಿರ ನಿಂತಿದ್ದ ಗಂಡನಿಗೆ ಕೇಳುವ ಹಾಗೆ ಹೇಳಿದರು: "ಅಲ್ಲ ಕಣ್ರೀ, ಬ್ಲೌಸ್ ಒಲಿಯಕ್ಕೆ ಕೊಟ್ರೆ ಸೀರೆ ಸರಿಯಿಲ್ಲ ಅಂತ ವಾಪಸ್ ಕಳುಸ್ತಾವ್ರಲ್ಲ ಈಯಮ್ಮ!"

ಶುಕ್ರವಾರದ ಅರಿಸಿನ

ಹಾಲಿನಮ್ಮ ಮನೆಗೆ ಹೋಗಿ ಯೋಚನೆ ಮಾಡಿದ್ದಾರೆ. ಸರ್ಜನ್ನರು ಒಳ್ಳೆಯವರು, ಕೊಕ್ಕೆ ಹಾಕಿದ್ದು ಆ ಮತ್ತಿನ ಹೆಂಗಸು. ಊರು ಬದಲಾಯಿಸಿದರೆ ಮತ್ತಿನವರೂ ಬದಲಾಗುತ್ತಾರೆ. ಲೆಕ್ಕ ಸರಿಯಾಗಿಯೇ ಇತ್ತು, ನಾನೊಬ್ಬಳು ಅಡ್ಡ ಇಲ್ಲದಿದ್ದರೆ.

ಕೆಲವೇ ದಿನ ಕಳೆದಿರಬೇಕು. ಪಾಂಡವಪುರದಲ್ಲಿ ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಗೆ ಹೋದೆ. ಮೂಗು ಬಾಯಿಗೆ ಮಾಸ್ಕು, ತಲೆಗೆ ಟೋಪಿ, ನನ್ನ ಮುಖದಲ್ಲಿ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಮಂಚದ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಮುಖ, ಕತ್ತು, ಕೈ, ಕಾಲು, ಎಲ್ಲ ಕಡೆ ದಟ್ಟವಾಗಿ ಅರಿಸಿನ. ಅಷ್ಟು ಅರಿಸಿನವನ್ನು ನಾನು ಮದುವಣಗಿತ್ತಿಯ ಮೈಮೇಲೂ ನೋಡಿಲ್ಲ. ಹಾಸಿಗೆಯ ಬಿಳಿ ಹೊದಿಕೆಯೂ ಹಳದಿಯಾಗಿತ್ತು.

"ಇದೇನಮ್ಮ ಇಷ್ಟೊಂದು ಅರಿಸಿನ?"

"ಸುಕ್ರವಾರ ಅಲ್ವಾ ತಾಯಿ. ಮುತ್ತೈದೆ. ಆಪ್ರೇಷನ್ ಅಂತ ಬೇರೆ, ಒಸಿ ಜಾಸ್ತಿನೇ ಅಚ್ಕೊಂಡೆ."

ದನಿ ಎಲ್ಲೋ ಕೇಳಿದ ಹಾಗಿತ್ತು. ಹೊಕ್ಕುಳ ನೋಡಿದೆ. ಅದೇ ನಿಂಬೆಹಣ್ಣು. ಮೈಯ ಹಳದಿ ಅರಿಸಿನದಲ್ಲಿ ಮುಚ್ಚಿಹೋಗಲಿ ಎಂದು ಮಾಡಿದ ಉಪಾಯ! ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಗಳ ಬಾಣಂತನಕ್ಕೋಸ್ಕರ ಒಬ್ಬ ತಾಯಿ ಎಷ್ಟು ತಲೆ ಓಡಿಸುತ್ತಾಳೆ ಎಂದು ಬೆರಗಾದೆ. ಏನೂ ಹೇಳದೆ ರೆಪ್ಪೆ ಎಳೆದೆ. ಒಳಗಿನ ಹಳದಿ ಮೊದಲಿಗಿಂತ ಗಾಢವಾಗಿತ್ತು.

"ಕಣ್ಣೊಳಗೂ ಅರಿಸಿನ ಹಚ್ಚಿಕೊಂಡಿದ್ದೀರಾ?"

ಹಾಲಿನಮ್ಮ ಒಂದು ಗಳಿಗೆ ತಡವರಿಸಿದರು. ಆಮೇಲೆ ಬಹಳ ಆತ್ಮವಿಶ್ವಾಸದಿಂದ, "ನೀರು ಉಯ್ಕೊಳ್ಳೋವಾಗ ಒಸಿ ಒಳಿಕ್ ಓಗ್ಬುಡ್ತು" ಎಂದರು.

ನಾನು ಮಾಸ್ಕು ಇಳಿಸಿದೆ. ನನ್ನ ಮುಖ ನೋಡಿ ಅವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. "ಅಯ್ಯೋ ಸಿವ್ನೇ, ಇಲ್ಲೂ ನೀವೇನಾ? ನಿಮಗೆ ಒಂದು ಊರು ಸಾಲಕಿಲ್ವಾ ಡಾಕ್ಟ್ರಮ್ಮ?"

ಕಪ್ಪು ಕನ್ನಡಕ

ಅಷ್ಟಕ್ಕೆ ಬಿಡುವ ಹೆಂಗಸಲ್ಲ ಅವರು. ಮುಂದಿನ ವಾರ ನಮ್ಮ ಪಟ್ಟಣಕ್ಕೇ ಬಂದರು. ಈ ಸಲ ಅರಿಸಿನವಿಲ್ಲ, ಮುಖಕ್ಕೆ ಪೌಡರು. ಕಣ್ಣಿಗೆ, ಪೊರೆ ಆಪರೇಷನ್ ಆದವರಿಗೆ ಕೊಡುತ್ತಾರಲ್ಲ, ಪಕ್ಕದಲ್ಲೂ ಮುಚ್ಚಿಕೊಂಡಿರುವ ದೊಡ್ಡ ಕಪ್ಪು ಕನ್ನಡಕ. ಪಕ್ಕದ ಮನೆಯ ಅಜ್ಜಿಯಿಂದ ಎರವಲು ತಂದದ್ದೆಂದು ಆಮೇಲೆ ಗೊತ್ತಾಯಿತು. ಯಾರು ಕೇಳಿದರೂ ಒಂದೇ ಉತ್ತರ: "ಕಣ್ಣಾಪ್ರೇಷನ್ ಆಗ್ಯದೆ, ಬೆಳಕು ತಾಕುಸ್ಬ್ಯಾಡಿ ಅಂದವ್ರೆ."

ನಾನು ಎದುರಿಗೆ ಹೋಗಿ ನಿಂತೆ. ಹೊರಗೆ ಮೋಡ, ಒಳಗೆ ಮಬ್ಬು, ನನ್ನ ಮುಖಕ್ಕೆ ಮಾಸ್ಕು, ಮೇಲೆ ಆ ಕನ್ನಡಕ. ಅವರಿಗೆ ನನ್ನ ಗುರುತು ಸಿಗಲಿಲ್ಲ. "ನೋಡವ್ವ, ನೀನಾದ್ರೂ ಒಳ್ಳೆಯೋಳಂಗ್ ಕಾಣ್ತೀಯ" ಎಂದು ನನ್ನ ಕೈ ಹಿಡಿದುಕೊಂಡರು. "ಆ ಕಡೆ ಒಬ್ಳು ಅವ್ಳೆ ಮತ್ತಿನ ಡಾಕ್ಟ್ರು. ಓದ್ ಓದ್ ಕಡೆಗೆಲ್ಲ ಬತ್ತಾಳೆ. ಅವಳ ಕಣ್ಣಿಗೆ ಬೀಳೋ ಮುಂಚೆ ಬ್ಯಾಗ ಮುಗಿಸ್ಬುಡು."

ನಗು ಒತ್ತರಿಸಿ ಬಂತು. ಆದರೆ ನಗುವ ಹಾಗಿರಲಿಲ್ಲ. ಬೆಳಗ್ಗೆ ತಾನೇ ಮೈಸೂರಿನಿಂದ ಫೋನು ಬಂದಿತ್ತು. ಲಿವರಿಗೆ ಬರುವ ಈ ವೈರಸ್ಸುಗಳಿಗೆ ಎ, ಬಿ, ಸಿ ಎಂದು ಅಕ್ಷರದ ಹೆಸರುಗಳಿವೆ. ಹಾಲಿನಮ್ಮನಿಗೆ ಬಂದಿದ್ದು ಇ. ಕೆಟ್ಟ ನೀರಿನಿಂದ, ತೊಳೆಯದ ಕೈಯಿಂದ ಹೊಟ್ಟೆಗೆ ಹೋಗುವಂಥದ್ದು. ಎಲ್ಲರಂಥವರಿಗೆ ಬಂದರೆ ಸುಸ್ತು ಮಾಡಿ, ಒಂದೆರಡು ತಿಂಗಳು ಕಾಡಿಸಿ ಹೊರಟುಹೋಗುತ್ತದೆ. ದಿನ ತುಂಬುತ್ತಿರುವ ಬಸುರಿಗೆ ಬಂದರೆ ಹಾಗಲ್ಲ. ತಾಯಿ ಉಳಿಯುವುದೇ ಕಷ್ಟವಾಗುತ್ತದೆ. ಅಂಥವರೊಬ್ಬರನ್ನು ನಾನು ಕಲಿಯುವ ಕಾಲದಲ್ಲಿ ಕಣ್ಣಾರೆ ನೋಡಿದ್ದೆ. ಆ ಹೆಣ್ಣುಮಗಳ ಮುಖ ಇವತ್ತಿಗೂ ಮರೆತಿಲ್ಲ.

ಮಾಸ್ಕು ತೆಗೆದು ಪಕ್ಕದಲ್ಲಿ ಕೂತೆ. "ಅಮ್ಮ, ನಾನೇ. ಮಗಳು ಊರಿಗೆ ಬಂದು ಎಷ್ಟು ದಿನವಾಯಿತು?"

ಅವರು ಹೌಹಾರಿ ಕನ್ನಡಕ ತೆಗೆದರು. "ಗೌರಿ ಅಬ್ಬಕ್ಕೆ ಬಂದಿದ್ದೋಳು. ಬರೋ ವಾರ ಕರ್ಕೊಂಡ್ ಬರಾಕೆ ಓಯ್ತೀವಿ. ಯಾಕೆ?"

ಹೇಳಿದೆ. ಒಂದೂ ಬಿಡದೆ ಹೇಳಿದೆ. ನೀವು ಕಲಸಿಟ್ಟ ಒಂದು ತುತ್ತಿನಿಂದ ಅವಳಿಗೆ ಬರಬಹುದು. ವಾಸಿಯಾಗುವವರೆಗೂ ಅವಳು ನಿಮ್ಮ ಮನೆಯ ನೀರೂ ಕುಡಿಯಬಾರದು. ಕೈಗೆ ಸೋಪು, ಕುಡಿಯಲು ಕುದಿಸಿದ ನೀರು, ನಿಮಗೆ ಪೂರ್ತಿ ವಿಶ್ರಾಂತಿ. ಹರ್ನಿಯಾ ಆಮೇಲೆ.

ಹಾಲಿನಮ್ಮ ಕೈಯಲ್ಲಿದ್ದ ಕನ್ನಡಕವನ್ನೇ ನೋಡುತ್ತಾ ಕೂತರು. ಎಷ್ಟು ಹೊತ್ತಾದರೂ ಉಸಿರೆತ್ತಲಿಲ್ಲ. ಗೋಡೆ ಪಕ್ಕ ನಿಂತಿದ್ದ ಅವರ ಯಜಮಾನರು, ತೀರಾ ಸಾಧು ಮನುಷ್ಯ, ಮೊದಲನೆಯ ಸಲ ನನ್ನ ಹತ್ತಿರ ಬಂದು ಗಾಬರಿಯಿಂದ ಪಿಸುಗುಟ್ಟಿದರು: "ಮದ್ವೆ ಆದಾಗ್ಲಿಂದ ಇವ್ಳು ಬಾಯಿ ಮುಚ್ಚಿದ್ನ ನಾನ್ ಕಂಡಿಲ್ಲ. ಯಾವ್ ಇಂಜೆಕ್ಷನ್ ಕೊಟ್ಬುಟ್ರಿ ಡಾಕ್ಟ್ರಮ್ಮ?"

ಬೇಲಿಯಾಚೆ

ಅಲ್ಲಿಂದ ಮುಂದೆ ಹಾಲಿನಮ್ಮ ಬೇರೆಯೇ ಹೆಂಗಸು. ಇಷ್ಟು ದಿನ ನನ್ನ ಮಾತು ಕೇಳಲಿಲ್ಲ ಎನ್ನುವುದು ನನ್ನ ದೂರಾಗಿತ್ತು. ಈಗ ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಕೇಳತೊಡಗಿದರು.

ಒಂದು ಮಧ್ಯಾಹ್ನ ಕೆ.ಆರ್. ಪೇಟೆಯ ಕೆಲಸ ಮುಗಿಸಿ ಬರುವಾಗ, ಹೇಗಿದ್ದಾರೋ ನೋಡೋಣವೆಂದು ಕಾರನ್ನು ಅವರ ಹಳ್ಳಿಯ ಕಡೆ ತಿರುಗಿಸಿದೆ. ಮನೆಯ ಮುಂದೆ ಆಟೋ ನಿಂತಿತ್ತು. ಬೇಲಿಯ ಈಚೆ ತುಂಬು ಬಸುರಿ ಮಗಳು, ಅವಳ ಪಕ್ಕದಲ್ಲಿ ಅತ್ತೆ. ಬೇಲಿಯ ಆಚೆ, ಕೊಟ್ಟಿಗೆಯ ಮುಂದೆ, ದನ ಹೊಡೆಯುವ ಕೋಲನ್ನು ಅಡ್ಡ ಹಿಡಿದು ನಿಂತ ಹಾಲಿನಮ್ಮ.

"ಒಂದ್ ಎಜ್ಜೆ ಮುಂದಕ್ ಇಟ್ರೆ ನೋಡು! ಓಗು ಅಂದ್ರೆ ಓಗ್ಬೇಕು ಕಣಮ್ಮಿ!"

"ಅವ್ವಾ, ನಿನ್ ಮಕ ನೋಡ್ಕೊಂಡ್ ಓಯ್ತೀನಿ ಕಣವ್ವ..."

"ಅಲ್ಲಿಂದ್ಲೇ ನೋಡು. ಮಕ ಇಲ್ಲೇ ಅದೆ."

ಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅತ್ತೆಗೆ ರೇಗಿಹೋಗಿತ್ತು. ಕಾಯಿಲೆಯ ವಿಷಯ ಹೇಳಿದರೆ ಮಗಳು ಹೆದರುತ್ತಾಳೆಂದು ಹಾಲಿನಮ್ಮ ಬರೀ "ಈಗ ಬರ್ಬ್ಯಾಡಿ" ಎಂದಷ್ಟೇ ಫೋನಿನಲ್ಲಿ ಹೇಳಿದ್ದರು. ಹಾಗಾಗಿ ವಿಷಯ ಏನೆಂದು ನೋಡಲು ಇಬ್ಬರೂ ಬಂದಿದ್ದರು.

"ಚೊಚ್ಚಲು ತವರಲ್ಲೇ ಆಗ್ಬೇಕು ಅಂತ ಅಟ ಇಡಿದಿದ್ದು ನೀವು. ಈಗ ಬಾಗ್ಲಲ್ಲಿ ದೊಣ್ಣೆ ಇಡ್ಕೊಂಡ್ ನಿಂತಿದ್ದೀರಲ್ಲ ಬೀಗ್ತಿ, ಇದು ನ್ಯಾಯ್ವಾ?" ಎಂದರು ಅತ್ತೆ.

"ಬಯ್ಯಿ. ಎಷ್ಟ್ ಬೇಕಾದ್ರೂ ಬಯ್ಯಿ. ಆದ್ರೆ ಅಲ್ಲೇ ನಿಂತ್ಕೊಂಡ್ ಬಯ್ಯಿ!"

ನಾನು ನಡುವೆ ಹೋಗಿ ಎಲ್ಲವನ್ನೂ ವಿವರಿಸಿದೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಸೊಸೆಯ ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡರು. ಹೆರಿಗೆ ನಾಗಮಂಗಲದಲ್ಲೇ ಆಗಲಿ, ಅಲ್ಲಿಯವರೆಗೂ ತಾನೇ ನೋಡಿಕೊಳ್ಳುತ್ತೇನೆ ಎಂದು ಅಲ್ಲೇ ಒಪ್ಪಿಕೊಂಡರು. ಮಗಳು ಆಟೋ ಹತ್ತಿ ಕೈ ಬೀಸಿದಳು. ಆಗ ನೋಡಿದೆ, ಹಾಲಿನಮ್ಮ ಕೋಲನ್ನು ಬಿಗಿಯಾಗಿ ಊರಿಕೊಂಡು ನಿಂತಿದ್ದರು. ಹೆದರಿಸುವುದಕ್ಕೆ ಹಿಡಿದ ಕೋಲು ಈಗ ಅವರನ್ನೇ ನಿಲ್ಲಿಸಿತ್ತು. ತವರಿಗೆ ಬಂದ ಬಸುರಿ ಮಗಳನ್ನು ಒಂದು ಲೋಟ ನೀರೂ ಕೊಡದೆ ಕಳಿಸುವುದು ನಮ್ಮ ಕಡೆ ಎಂಥ ಮಾತು ಎಂದು ನನಗೆ ಗೊತ್ತು. ನನ್ನ ಕಣ್ಣೂ ಒದ್ದೆಯಾಯಿತು.

ಆಟೋ ಹೊರಡುವಾಗ ಅತ್ತೆ ತಲೆ ಹೊರಗೆ ಹಾಕಿ ಕೂಗಿದರು: "ಉಸಾರಾಗಿ ಬೀಗ್ತಿ! ಮೊದ್ಲು ಉಸಾರಾಗಿ. ಆಮ್ಯಾಕೆ ನೋಡ್ಕೊತೀನಿ ನಿಮ್ನ!"

ವಿಶ್ರಾಂತಿ

ಆ ಮನೆಯಲ್ಲಿ ಈಗ ಎಲ್ಲ ಕೆಲಸವೂ ಯಜಮಾನರ ತಲೆಗೆ ಬಂತು. ಅಲ್ಲಿಯವರೆಗೆ ಅವರು ಗದ್ದೆಯ ಕೆಲಸದಲ್ಲಿ ಗಟ್ಟಿಗರು, ಮನೆಯೊಳಗೆ ನೆಂಟರಂತೆ ಇದ್ದವರು. ಒಲೆ ಹೊತ್ತಿಸುವುದು, ಮುದ್ದೆ ತಿರುವುವುದು, ನೀರು ಹೊತ್ತು ತರುವುದು, ಒಂದೂ ಬಾರದು. ಹಾಲಿನಮ್ಮ ಜಗುಲಿಯ ಮೇಲೆ ಹಾಸಿಗೆ ಹಾಕಿಸಿಕೊಂಡು, ಮಲಗಿದಲ್ಲಿಂದಲೇ ಆಳುತ್ತಿದ್ದರಂತೆ.

ಇನ್ನೊಂದು ಸಲ ಅತ್ತ ಹೋದಾಗ ಸಂಜೆಯಾಗುತ್ತಿತ್ತು. ಜಗುಲಿ ಖಾಲಿ. ಕೊಟ್ಟಿಗೆ ಕಡೆಯಿಂದ ಹಾಲು ಕರೆಯುವ ಸದ್ದು. ಇಣುಕಿ ನೋಡಿದೆ. ಹಾಲಿನಮ್ಮ! ಬೇಲಿಯ ಹತ್ತಿರ ಕಂಡಾಗ ಉಟ್ಟಿದ್ದ ಅದೇ ಹಸಿರು ಸೀರೆ, ತಲೆ ತುಂಬ ಸೆರಗು, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದಾರೆ.

ನನಗೆ ಎಲ್ಲಿಲ್ಲದ ಕೋಪ ಬಂತು. "ಏನಮ್ಮ ಇದು? ಹಾಸಿಗೆ ಬಿಟ್ಟು ಏಳಬೇಡಿ ಅಂತ ಎಷ್ಟು ಸಲ ಹೇಳಲಿ? ಲಿವರ್ ಅಂದ್ರೆ ಆಟ ಅಂದ್ಕೊಂಡಿದ್ದೀರಾ? ಮಗಳಿಗೋಸ್ಕರವಾದರೂ ಮಲಗಬಾರದಾ? ಏಳಿ, ಏಳಿ ಮೇಲೆ!"

ಸೀರೆ ಮೆಲ್ಲಗೆ ಎದ್ದು ನಿಂತಿತು. ಸೆರಗು ಸರಿಯಿತು. ಒಳಗಿನಿಂದ ದಟ್ಟವಾದ ಬಿಳಿ ಮೀಸೆ ಹೊರಗೆ ಬಂತು.

"ನಾನು ಕಣ್ ಡಾಕ್ಟ್ರಮ್ಮ" ಎಂದರು ಯಜಮಾನರು, ಸೆರಗಿನಲ್ಲಿ ಮುಖದ ಬೆವರು ಒರೆಸಿಕೊಳ್ಳುತ್ತಾ. "ಅವ್ಳ ಸೀರೆ ವಾಸ್ನೆ ಇಲ್ದಿದ್ರೆ ಇದು ಒದೀತದೆ. ಏನ್ ಮಾಡಾದು?"

ನಾನು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ತಿರುಗಿ ಕಾರಿನ ಕಡೆ ನಡೆದೆ. ಹಿಂದಿನಿಂದ, ಮನೆಯೊಳಗಿನ ಕಿಟಕಿಯಿಂದ ಹಾಲಿನಮ್ಮನ ಕೂಗು ಕೇಳಿಸಿತು: "ನೆರಿಗೆ ಎತ್ಕೊಳ್ರೀ, ಸಗಣಿ ಮ್ಯಾಲ್ ಎಳೀತಾ ಅದೆ! ಅದು ನಮ್ ತಮ್ಮ ಕೊಟ್ಟಿದ್ ಸೀರೆ!"

ಯಾರ ಮದ್ದು

ವಾರ ವಾರಕ್ಕೂ ರಕ್ತ ನೋಡಿಸಿದೆ. ಏರಿದ್ದ ಕಾಮಾಲೆಯ ಅಂಶ ಮೊದಲು ನಿಂತಿತು, ಆಮೇಲೆ ಇಳಿಯಿತು, ಇನ್ನಷ್ಟು ಇಳಿಯಿತು. ಒಂದು ಬೆಳಗ್ಗೆ ಪೇಟೆಯ ನರ್ಸಿಂಗ್ ಹೋಮಿನ ಕಿಟಕಿ ಹತ್ತಿರ ಬೆಳಕಿಗೆ ನಿಲ್ಲಿಸಿ ನೋಡಿದರೆ ಕಣ್ಣು ಬೆಳ್ಳಗಿತ್ತು.

ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದರೂ ಇದನ್ನು ನೋಡುವಾಗ ನಾನು ದಂಗಾಗುತ್ತೇನೆ. ಆ ವೈರಸ್ಸಿಗೆ ಅವರಿಗೆ ವಿಶ್ರಾಂತಿ ಬಿಟ್ಟು ಬೇರೆ ಮದ್ದೇನೂ ಕೊಟ್ಟಿರಲಿಲ್ಲ. ಕತ್ತಲಲ್ಲಿ, ಪಕ್ಕೆಲುಬಿನ ಕೆಳಗೆ, ಯಾರೂ ನೋಡದ ಜಾಗದಲ್ಲಿ ಕೂತು, ಸುಟ್ಟುಹೋದ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದಲ್ಲ ಆ ಲಿವರ್ರು! ಯಾರೂ ಹಾರ ಹಾಕುವುದಿಲ್ಲ ಅದಕ್ಕೂ. ಆವತ್ತು ನನಗೆ ನಿಜವಾಗಿ ಕೈ ಮುಗಿಯಬೇಕೆನಿಸಿತು.

ಹಳ್ಳಿಯಲ್ಲಿ ಮಾತ್ರ ವಾಸಿ ಮಾಡಿದವರ ಸಂಖ್ಯೆ ದಿನೇ ದಿನೇ ಏರುತ್ತಿತ್ತು. ನೆಲನೆಲ್ಲಿ ಸೊಪ್ಪು ಅರೆದು ಕೊಟ್ಟ ಸೋದರತ್ತೆ ತನ್ನಿಂದ ಎಂದರು. ತಾಯತ ಕಟ್ಟಿದ ಭಾವ ತನ್ನಿಂದ ಎಂದರು. ಹರಕೆ ಹೊತ್ತ ನಾದಿನಿ ದೇವರಿಂದ, ಆದರೆ ತನ್ನ ಮೂಲಕ ಎಂದರು. ಕನ್ನಡಕದ ಅಜ್ಜಿಯಂತೂ, "ನನ್ ಕನ್ನಡ್ಕ ಆಕ್ಕೊಂಡ್ಮ್ಯಾಲೇ ಅವಳ ಕಣ್ಣು ಸರೋಗಿದ್ದು" ಎಂದು ಬಾವಿಕಟ್ಟೆಯಲ್ಲಿ ಹೇಳಿಕೊಂಡು ಬಂದರಂತೆ.

ಇವರ್ಯಾರೂ ಅಲ್ಲ, ವಿಶ್ರಾಂತಿ ಕೊಟ್ಟಿದ್ದಕ್ಕೆ ಲಿವರ್ ತಾನಾಗಿ ವಾಸಿಯಾಯಿತು ಎಂದು ನಾನು ಹೇಳಿದೆ. ಯಜಮಾನರ ಮುಖ ಇಳಿದುಹೋಯಿತು. "ತಾನಾಗೇ ಆಗೋದಾ? ಅಂಗಾದ್ರೆ ನಾನ್ ಸೀರೆ ಉಟ್ಟಿದ್ದು ದಂಡ್ವಾ?"

ನಾಗಮಂಗಲದ ನಲ್ಲಿ

ನಾಗಮಂಗಲದಿಂದ ಫೋನು ಬಂದದ್ದು ನಾನು ಊಟಕ್ಕೆ ಕೂತಿದ್ದಾಗ. ಹೆರಿಗೆ ಮುಂದಕ್ಕೆ ಹೋಗುತ್ತಿಲ್ಲ, ಮಗುವಿನ ಎದೆಬಡಿತ ಇಳಿಯುತ್ತಿದೆ, ಸಿಸೇರಿಯನ್ನು, ಬೇಗ ಬನ್ನಿ. ಯಾರು ಎಂದು ಕೇಳಿದೆ. ಹಾಲಿನಮ್ಮನ ಮಗಳು.

ದಾರಿಯುದ್ದಕ್ಕೂ ಒಂದೇ ಯೋಚನೆ. ಎಲ್ಲಾದರೂ, ಹೇಗಾದರೂ, ಒಂದು ಲೋಟ ನೀರಿನಲ್ಲಿ ಅದು ಆ ಹುಡುಗಿಗೆ ತಗುಲಿಬಿಟ್ಟಿದ್ದರೆ? ಥಿಯೇಟರಿಗೆ ನುಗ್ಗಿ ನಮಸ್ಕಾರವನ್ನೂ ಹೇಳದೆ ಅವಳ ರೆಪ್ಪೆ ಎಳೆದೆ. ಬೆಳ್ಳಗಿತ್ತು. ಬೆಳಗ್ಗೆ ಮಾಡಿಸಿದ್ದ ರಕ್ತ ಪರೀಕ್ಷೆಯೂ ಸರಿಯಾಗಿತ್ತು. ಅಷ್ಟು ಚೆಂದದ ಕಣ್ಣನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಸೊಂಟಕ್ಕೆ ಮದ್ದು ಕೊಟ್ಟೆ. ಅವಳು ಎಚ್ಚರವಾಗಿದ್ದು ನನ್ನ ಬೆರಳು ಹಿಡಿದುಕೊಂಡಿದ್ದಳು. "ನಮ್ಮವ್ವ ಬಂದವ್ಳಾ?" ಎಂದು ಕೇಳಿದಳು. "ಬಂದಿದ್ದಾರೆ, ಬಾಗಿಲ ಹೊರಗೇ ಇದ್ದಾರೆ" ಎಂದೆ. ಅಷ್ಟರಲ್ಲಿ ಮಗು ಕೂಗಿತು. ಹೆಣ್ಣು. ಗಂಟಲು ಥೇಟು ಅಜ್ಜಿಯದೇ.

ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ದಳು. ಕೆಲಸ ಮುಗಿಸಿ ನಾನು ಹೊರಗೆ ಬಂದಾಗ ಅಲ್ಲಿ ಗಲಾಟೆ ನಡೆದಿತ್ತು. ಹಾಲಿನಮ್ಮ ನಲ್ಲಿಯ ಪಕ್ಕ ಸೋಪು ಹಿಡಿದು ನಿಂತಿದ್ದರು. ಗಂಡಿನ ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ಕೈ ತೊಳೆಯದವರಿಗೆ ಮಗು ಇಲ್ಲ. ಅಳಿಯ ತೊಳೆದದ್ದು ಸಾಲದೆಂದು ಮತ್ತೆ ತೊಳೆಸಿದ್ದರು. ಬೀಗಿತ್ತಿ ಬಳೆ ಮೇಲೆ ಸರಿಸಿ ಮೊಣಕೈವರೆಗೂ ಉಜ್ಜಿಕೊಳ್ಳುತ್ತಿದ್ದರು. ನನ್ನ ಹಿಂದೆಯೇ ಬಂದ ಸರ್ಜನ್ನರು, ಆಗತಾನೇ ಆಪರೇಷನ್ ಮುಗಿಸಿ ಗ್ಲೌಸು ಬಿಚ್ಚಿದ್ದವರು, ನಗುತ್ತಾ ಮಗುವಿನ ಕೆನ್ನೆ ಮುಟ್ಟಲು ಕೈ ಚಾಚಿದರು.

"ಡಾಕ್ಟ್ರೇ, ಸಾಲು ಇಂದ್ಗಡೆಯಿಂದ ಅದೆ" ಎಂದರು ಹಾಲಿನಮ್ಮ, ಸೋಪು ಮುಂದೆ ಹಿಡಿದು. ಸರ್ಜನ್ನರು ತೆಪ್ಪಗೆ ಹೋಗಿ ನಿಂತರು. ಅವರ ಹಿಂದೆ ನಾನು.

ನನ್ನ ಸರದಿ ಬಂದು ಮಗುವನ್ನು ಎತ್ತಿಕೊಂಡೆ. ಹಾಲಿನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ನೀವು ಅವತ್ತು ಮೂರು ಊರಲ್ಲೂ ಅಡ್ಡ ನಿಲ್ದೇ ಇದ್ದಿದ್ರೆ..." ಎಂದವರು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಈಗ ನಾನೇ ಹಿಂದೆ ಬಿದ್ದೆ

ಬಾಣಂತಿಯನ್ನೂ ಮಗುವನ್ನೂ ತವರಿಗೆ ಕರೆದುಕೊಂಡು ಬಂದ ಮೇಲೆ, ನಾನು ಹಾಲಿನಮ್ಮನ ಆಪರೇಷನ್ನಿಗೆ ಹೊರಟೆ. ಲಿವರ್ ಪೂರ್ತಿ ಸರಿಹೋಗಿತ್ತು. ರಕ್ತ ಹೆಪ್ಪುಗಟ್ಟುವುದೂ ಸರಿಯಿತ್ತು. ಪೇಟೆಯ ಸರ್ಜನ್ನರು ತಯಾರಿದ್ದರು. ಹೇಳಿಕಳಿಸಿದೆ, ಹಾಲಿನಮ್ಮ ಬರಲಿಲ್ಲ. ಫೋನು ಮಾಡಿದೆ, ಮಗುವಿಗೆ ಎಣ್ಣೆ ಒತ್ತುತ್ತಿದ್ದಾರೆ ಎಂದರು ಯಜಮಾನರು. ಮತ್ತೆ ಮಾಡಿದೆ, ಸಾಮ್ರಾಣಿ ಹಾಕುತ್ತಿದ್ದಾರೆ ಎಂದರು. ಆಪರೇಷನ್ನಿಗೆಂದು ಮೂರು ಊರು ಸುತ್ತಿದ್ದ ಹೆಂಗಸು ಈಗ ಕೈಗೇ ಸಿಗುತ್ತಿಲ್ಲ!

ಕೊನೆಗೆ ನಾನೇ ಮನೆಗೆ ಹೋದೆ. ಹಾಲಿನಮ್ಮ ಹೊಟ್ಟೆಗೆ ಬೆಲ್ಟು ಬಿಗಿದುಕೊಂಡು, ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದರು. ಒಳಗಿನಿಂದ ಬಾಣಂತಿಯ ನಗು ಕೇಳಿಸುತ್ತಿತ್ತು.

"ಅಮ್ಮ, ಎಲ್ಲ ಸರಿಯಾಗಿದೆ. ಈಗ ಧೈರ್ಯವಾಗಿ ಮತ್ತು ಕೊಡ್ತೀನಿ. ಯಾವ ಊರಲ್ಲಿ ಬೇಕು ಹೇಳಿ, ಅಲ್ಲಿಗೇ ಬರ್ತೀನಿ. ಹರ್ನಿಯಾ ಹೀಗೇ ಬಿಡಬಾರದು."

"ಈಗ್ ಬ್ಯಾಡ ಡಾಕ್ಟ್ರಮ್ಮ."

"ಯಾಕೆ? ಹೆದರಿಕೆನಾ?"

"ಎದ್ರಿಕೆ ಎಲ್ಲಿಂದ ಬಂತು?"

"ಮತ್ತೆ? ಬಿಂದಿಗೆ ಎತ್ತಬೇಕು ಅಂತ ತಾನೇ ಅಷ್ಟೆಲ್ಲ ಒದ್ದಾಡಿದ್ದು ನೀವು?"

ಅಷ್ಟರಲ್ಲಿ ಯಜಮಾನರು ಹಿತ್ತಲಿಂದ ಬಂದರು. ಹೆಗಲ ಮೇಲೊಂದು ಬಿಂದಿಗೆ, ಕೈಯಲ್ಲೊಂದು ಬಿಂದಿಗೆ. ಹಂಡೆಗೆ ನೀರು ಸುರಿದರು, ಒಲೆಗೆ ಸೌದೆ ತಳ್ಳಿದರು, ಹಸಿ ಬಟ್ಟೆಗಳನ್ನು ಕೊಡವಿ ಹಗ್ಗದ ಮೇಲೆ ಹರವಿದರು. "ಇನ್ನೇನಾದ್ರೂ ಬೇಕಾ?" ಎಂದು ಹೆಂಡತಿಯನ್ನು ಕೇಳಿ, ಖಾಲಿ ಬಿಂದಿಗೆ ಎತ್ತಿಕೊಂಡು ಮತ್ತೆ ಹೊರಟರು.

ಅವರು ಮರೆಯಾಗುವವರೆಗೂ ಕಾದು, ಹಾಲಿನಮ್ಮ ನನ್ನನ್ನು ಹತ್ತಿರಕ್ಕೆ ಕರೆದು ಕಿವಿಯಲ್ಲಿ ಹೇಳಿದರು:

"ಇಷ್ಟ್ ವರ್ಸಕ್ಕೆ ಈಗ ಕಲ್ತವ್ರೆ. ನನ್ ಒಟ್ಟೆ ನೆಟ್ಟಗಾಯ್ತು ಅಂತ ಗೊತ್ತಾದ್ರೆ ಇವತ್ತೇ ಬಿಂದ್ಗೆ ಇಳಿಸ್ಬುಡ್ತಾರೆ. ನೀವು ಒಂದ್ ಉಪ್ಕಾರ ಮಾಡಿ ಡಾಕ್ಟ್ರಮ್ಮ. ಕೇಳುದ್ರೆ, ಲಿವರ್ ಇನ್ನೂ ಒಸಿ ಅಳದಿ ಅದೆ ಅಂತ ಯೋಳ್ಬುಡಿ!"